ಬಚ್ಚಲೊಲೆ ಹೊಗೆಯ ವಿಸ್ಕಿ

ಜನ ತನ್ನ ಸರಕನ್ನು ಬೈದದ್ದನ್ನೇ ಜಾಹೀರಾತು ಮಾಡಿಕೊಂಡ ಕಂಪನಿ ಯಾವುದಾದರೂ ನಿಮಗೆ ಗೊತ್ತಾ? 2014ರಲ್ಲಿ ಸ್ಕಾಟ್ಲೆಂಡಿನ ಲಫ್ರಾಯ್ಗ್ ಅನ್ನುವ ವಿಸ್ಕಿಯವರು ಈ ಕೆಲಸ ಮಾಡಿದರು. ನಮ್ಮ ವಿಸ್ಕಿ ಕುಡಿದು ನಿಮಗೆ ಏನನ್ನಿಸಿತೋ ಹಾಗೇ ಹೇಳಿ, ಒಳ್ಳೆಯದಾದರೂ ಸರಿ ಕೆಟ್ಟದ್ದಾದರೂ ಸರಿ ಅಂತ ಜನರನ್ನು ಕೇಳಿದರು. ಬಂದ ಹೊಗಳಿಕೆಯ ಜೊತೆಗೆ ಬೈಗುಳವನ್ನೂ ಹಾಗೇ ಎತ್ತಿ ಜಾಹೀರಾತಿಗೆ ಹಾಕಿದರು. ಸುಟ್ಟ ಆಸ್ಪತ್ರೆ, ಗಾಯದ ಪಟ್ಟಿ, ಟಾರು, ತುಂಬಿದ ಆಶ್‌ಟ್ರೇ, ಹಡಗಿನ ಹಗ್ಗ. ಈ ವಿಸ್ಕಿಯ ಬಗ್ಗೆ ಮಾತಾಡುವವರೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಇಂಥ ಮಾತುಗಳಿಗೇ. ತಮಾಷೆ ಏನಂದರೆ ಹೊಗಳುವವರು ಕೂಡ ಇದೇ ಪದಗಳನ್ನು ಬಳಸುತ್ತಾರೆ. ಒಬ್ಬ ಮೂಗು ಮುಚ್ಚಿಕೊಂಡು ಹೇಳುತ್ತಾನೆ, ಇನ್ನೊಬ್ಬ ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ, ಅಷ್ಟೇ ವ್ಯತ್ಯಾಸ.

ಕುಡಿಯದವರು ಇಲ್ಲಿಗೇ ಪುಟ ತಿರುಗಿಸಬೇಡಿ. ಇದು ಕುಡಿತದ ಕತೆಗಿಂತ ಹೆಚ್ಚಾಗಿ ಹೊಗೆಯ ಕತೆ. ಒಂದೇ ಹೊಗೆ ಒಬ್ಬನಿಗೆ ಊರಿನ ನೆನಪಾಗಿ, ಇನ್ನೊಬ್ಬನಿಗೆ ಆಸ್ಪತ್ರೆಯ ವಾರ್ಡಾಗಿ ಯಾಕೆ ಕಾಣತ್ತೆ ಅನ್ನುವ ಪ್ರಶ್ನೆಗೆ ನನ್ನ ಪ್ರಕಾರ ಉತ್ತರ ನಾಲಿಗೆಯಲ್ಲಿಲ್ಲ, ಇತಿಹಾಸದಲ್ಲಿದೆ.

ಮೊದಲು ಹೊಗೆ ಎಲ್ಲಿಂದ ಬಂತು ಅಂತ ನೋಡೋಣ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಮುದ್ರದ ಗಾಳಿಗೆ ಎದೆಯೊಡ್ಡಿ ಕೂತ ದ್ವೀಪ ಐಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ‘ಇಸ್ಲೇ’ ಅಂತ ಓದುವವರೇ ಜಾಸ್ತಿ, ನಾನೂ ಹಾಗೇ ಓದುತ್ತಿದ್ದೆ. ಮರ ಕಡಿಮೆ, ಕಲ್ಲಿದ್ದಲನ್ನು ದೋಣಿಯಲ್ಲಿ ತರಬೇಕು. ಆದರೆ ನೆಲದಲ್ಲಿ ಪೀಟ್ ಬೇಕಾದಷ್ಟಿದೆ. ಪೀಟ್ ಅಂದಕೂಡಲೇ ಟೆರೇಸ್ ಗಾರ್ಡನ್ ಮಾಡುವ ಬೆಂಗಳೂರಿನವರಿಗೆ ಕೋಕೋಪೀಟ್ ನೆನಪಾಗಬಹುದು. ಅದು ತೆಂಗಿನ ನಾರಿನ ಪುಡಿ, ಈ ಅಸಲಿ ಪೀಟಿನ ಬದಲಿಗೆ ಬಂದದ್ದು. ಅಸಲಿ ಪೀಟ್ ಅಂದರೆ ಸದಾ ನೀರು ನಿಂತ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡ ಸತ್ತು, ಗಾಳಿಯಾಡದೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣು. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯತ್ತೆ. ಒಂದು ಮೀಟರ್ ಅಗೆದರೆ ಸಾವಿರ ವರ್ಷ ಕೆಳಗಿಳಿದ ಹಾಗೆ. ಬೇಸಿಗೆಯಲ್ಲಿ ಉದ್ದನೆಯ ಗುದ್ದಲಿಯಿಂದ ಇಟ್ಟಿಗೆ ಥರ ಕೊಯ್ದು, ಗಾಳಿಗೆ ಒಣಗಿಸಿ, ಚಳಿಗಾಲಕ್ಕೆ ಒಟ್ಟಿಡುವುದು. ನಮ್ಮಲ್ಲಿ ಕುಳ್ಳು ತಟ್ಟಿ ಒಟ್ಟುವುದಿಲ್ಲವಾ, ಅದೇ ಲೆಕ್ಕ. ಅಡುಗೆಗೂ ಅದೇ, ಚಳಿ ಕಾಯಿಸುವುದಕ್ಕೂ ಅದೇ.

ವಿಸ್ಕಿ ಮಾಡಬೇಕಾದರೆ ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಬೇಕು. ನಮ್ಮ ರಾಗಿ ಮಾಲ್ಟ್ ಮಾಡುವ ಹಾಗೇನೇ. ಮೊಳಕೆ ಹದಕ್ಕೆ ಬಂದಾಗ ಅದನ್ನು ಬೇಗ ಒಣಗಿಸಬೇಕು, ಇಲ್ಲದಿದ್ದರೆ ಒಳಗಿನ ಸಕ್ಕರೆ ಅಂಶವನ್ನೆಲ್ಲ ಗಿಡವೇ ತಿಂದು ಮುಗಿಸತ್ತೆ. ರಾಗಿಯನ್ನು ನಾವು ಬಿಸಿಲಿಗೆ ಹರಡುತ್ತೇವೆ. ಐಲದಲ್ಲಿ ಬಿಸಿಲು ಎಲ್ಲಿಂದ ತರೋಣ? ಹಾಗಾಗಿ ತೂತಿನ ನೆಲದ ಮೇಲೆ ಒದ್ದೆ ಕಾಳು ಹರಡಿ, ಕೆಳಗೆ ಪೀಟ್ ಬೆಂಕಿ ಹಾಕುವುದು. ಕಾಳು ಒದ್ದೆಯಿರುವಾಗ ಹೊಗೆ ಸಿಪ್ಪೆಗೆ ಗಟ್ಟಿಯಾಗಿ ಅಂಟಿಕೊಳ್ಳತ್ತೆ. ಆ ಅಂಟಿದ ಹೊಗೆ ರುಬ್ಬಿದರೂ ಹೋಗಲ್ಲ, ಹುಳಿ ಬರಿಸಿದರೂ ಹೋಗಲ್ಲ, ಭಟ್ಟಿ ಇಳಿಸಿದರೂ ಪೂರ್ತಿ ಹೋಗಲ್ಲ. ಪೀಪಾಯಿಯಲ್ಲಿ ಹತ್ತು ವರ್ಷ ಕೂತಮೇಲೂ ಬಾಟಲಿ ಬಿರಡೆ ತೆಗೆದರೆ ಮೊದಲು ಹೊರಗೆ ಬರುವುದು ಅದೇ.

ಅಂದರೆ ಹೊಗೆಯ ರುಚಿ ಯಾರೋ ಕೂತು ಯೋಚಿಸಿ ಸೇರಿಸಿದ ಫೀಚರ್ ಅಲ್ಲ. ಬೇರೆ ಸೌದೆ ಇರಲಿಲ್ಲ, ಅಷ್ಟೇ. ಒಂದು ಕಾಲಕ್ಕೆ ಹೈಲ್ಯಾಂಡಿನ ಬಹುಪಾಲು ವಿಸ್ಕಿಗಳಿಗೂ ಹೊಗೆ ವಾಸನೆ ಇದ್ದೇ ಇತ್ತು. 19ನೇ ಶತಮಾನದಲ್ಲಿ ರೈಲು ಹೋದ ಕಡೆ ಕಲ್ಲಿದ್ದಲು, ಕೋಕ್ ಸುಲಭವಾಗಿ ಸಿಕ್ಕಿತು. ಸ್ಪೇ ನದಿ ದಂಡೆಯ ಡಿಸ್ಟಿಲರಿಗಳು ನಿಧಾನಕ್ಕೆ ಪೀಟ್ ಕಡಿಮೆ ಮಾಡಿಕೊಂಡವು. ರೈಲು ಸಮುದ್ರ ದಾಟಲಿಲ್ಲವಾದ್ದರಿಂದ ಐಲದ ಹೊಗೆ ಐಲದಲ್ಲೇ ಉಳಿಯಿತು.

ಈಗ ಆಸ್ಪತ್ರೆ ವಿಷಯ. ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಲಫ್ರಾಯ್ಗ್ ಶುರುವಾದದ್ದು 1815ರಲ್ಲಿ. ಡೊನಾಲ್ಡ್ ಮತ್ತು ಅಲೆಕ್ಸಾಂಡರ್ ಜಾನ್‌ಸ್ಟನ್ ಎಂಬ ಅಣ್ಣತಮ್ಮಂದಿರು ಶುರುಮಾಡಿದ್ದು. ಆ ಕಾಲದಲ್ಲಿ ಇದನ್ನು ಕುಡಿದವನೊಬ್ಬ ‘ಇದೇನಿದು ಆಸ್ಪತ್ರೆ ವಾಸನೆ’ ಅನ್ನುವುದಕ್ಕೆ ಸಾಧ್ಯವೇ ಇರಲಿಲ್ಲ. ಯಾಕೆಂದರೆ ಈಗ ನಾವು ಆಸ್ಪತ್ರೆ ವಾಸನೆ ಅಂತ ಕರೆಯುವ ವಾಸನೆ ಆಗಿನ ಆಸ್ಪತ್ರೆಗಳಿಗೆ ಇರಲೇ ಇಲ್ಲ. ಆಗಿನ ಆಸ್ಪತ್ರೆ ನಾರುತ್ತಿದ್ದದ್ದು ಕೀವಿನಿಂದ, ಕೊಳೆತ ಗಾಯದಿಂದ. ಫೀನಾಲ್ ಎಂಬ ರಾಸಾಯನಿಕವನ್ನು ಕಲ್ಲಿದ್ದಲ ಟಾರಿನಿಂದ ಬೇರೆ ಮಾಡಿದ್ದು 1834ರಲ್ಲಿ, ಜರ್ಮನಿಯ ರುಂಗೆ ಎಂಬ ರಸಾಯನ ಶಾಸ್ತ್ರಜ್ಞ. ಅದಕ್ಕೆ ಕಾರ್ಬಾಲಿಕ್ ಆಸಿಡ್ ಅಂತಲೂ ಹೆಸರು. 1865ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್, ಗಾಡಿ ಹರಿದು ಕಾಲು ಮುರಿದುಕೊಂಡ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್‌ನಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಹುಡುಗನ ಗಾಯ ಕೊಳೆಯಲಿಲ್ಲ, ಕಾಲು ಉಳಿಯಿತು. 1867ರಲ್ಲಿ ಲಿಸ್ಟರ್ ಇದನ್ನೆಲ್ಲ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆಮೇಲೆ ಜಗತ್ತಿನ ಆಸ್ಪತ್ರೆಗಳೆಲ್ಲ ಫೀನಾಲ್ ವಾಸನೆ ಹೊಡೆಯತೊಡಗಿದವು. ಇದೆಲ್ಲ ನಡೆದದ್ದು ಎಲ್ಲಿ ಅಂತೀರಿ? ಗ್ಲಾಸ್ಗೋದಲ್ಲಿ. ಐಲದಿಂದ ಸುಮಾರು ನೂರು ಕಿಲೋಮೀಟರ್ ದೂರ.

ಪೀಟ್ ಹೊಗೆಯಲ್ಲಿರುವುದೂ ಇದೇ ಮನೆತನ. ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಹೀಗೆ. ಗ್ವಾಯಕಾಲ್ ಸೌದೆ ಹೊಗೆಯ ವಾಸನೆ ಕೊಡತ್ತೆ, ಕ್ರೆಸಾಲ್ ಔಷಧಿಯ ವಾಸನೆ ಕೊಡತ್ತೆ. ಅಂದಮೇಲೆ ವಿಸ್ಕಿ ಆಸ್ಪತ್ರೆ ವಾಸನೆ ಹೊಡೆಯುತ್ತದೆ ಅನ್ನುವ ಮಾತನ್ನು ತಿರುಗಿಸಿ ಹಾಕಬೇಕು. ವಿಸ್ಕಿಗೆ ಮೊದಲೇ ಇದ್ದ ವಾಸನೆಯನ್ನು ಆಸ್ಪತ್ರೆ ಐವತ್ತು ವರ್ಷ ತಡವಾಗಿ ಎರವಲು ತಂದುಕೊಂಡಿತು.

ಅಲ್ಲಿಂದ ಅದು ನಮ್ಮ ಮನೆಗೂ ಬಂತು. 1890ರ ದಶಕದಲ್ಲಿ ಇಂಗ್ಲೆಂಡಿನ ಲೀವರ್ ಕಂಪನಿ ಕಾರ್ಬಾಲಿಕ್ ಸೋಪೊಂದನ್ನು ತಂದಿತು. ಅದೇ ಲೈಫ್‌ಬಾಯ್. ನಮ್ಮ ಊರಕಡೆ ಸೋಪು ಅಂದರೆ ಆ ಕೆಂಪು ಇಟ್ಟಿಗೆಯೇ. ಗದ್ದೆ ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆಯುವುದಕ್ಕೆ ಅದು, ಎಮ್ಮೆಯ ಗಾಯಕ್ಕೂ ಅದೇ. ಪೇಟೆಯವರಿಗೆ ಬಕೆಟ್ ನೀರಿಗೆ ಹಾಕುವ ಫಿನಾಯಿಲ್ ಗೊತ್ತು, ಡೆಟಾಲ್ ಗೊತ್ತು. ಡೆಟಾಲಿನಲ್ಲಿರುವ ಕ್ಲೋರೋಕ್ಸೈಲೆನಾಲ್ ಕೂಡ ಫೀನಾಲ್ ಸಂಬಂಧಿಕನೇ. ಹೀಗೆ ಮೂಗಿಗೆ ಒಂದೊಂದು ಪೀಳಿಗೆಯಲ್ಲೂ ಒಂದೊಂದು ಹೊಸ ನೆನಪು ಸೇರುತ್ತಾ ಹೋಯಿತು. ವಿಸ್ಕಿ ಮಾತ್ರ ಮೊದಲು ಇದ್ದಲ್ಲೇ ಇದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಎಚ್‌ಎಸ್‌ಆರ್ ಲೇಔಟಿನ ಒಂದು ಟೆರೇಸಿನಲ್ಲಿ. ಟೀಮಿನವನೊಬ್ಬ ಆನ್‌ಸೈಟ್ ಮುಗಿಸಿ ಬರುವಾಗ ಡ್ಯೂಟಿ ಫ್ರೀಯಿಂದ ಹತ್ತು ವರ್ಷದ ಲಫ್ರಾಯ್ಗ್ ತಂದಿದ್ದ. ಜಯನಗರದಲ್ಲಿ ಹುಟ್ಟಿ ಬೆಳೆದವನು ಗ್ಲಾಸು ಮೂಗಿನ ಹತ್ತಿರ ತಂದವನೇ “ಲೋ, ಇದು ನಮ್ಮ ಡೆಂಟಿಸ್ಟ್ ಕ್ಲಿನಿಕ್ ಕಣೋ” ಅಂದ. ಹುಬ್ಬಳ್ಳಿಯವನು “ಫಿನಾಯಿಲ್ ಹಾಕಿ ಒರಸಿದಂಗೈತಲ್ಲೋ” ಅಂತ ಪಕ್ಕಕ್ಕಿಟ್ಟ. ಮಂಗಳೂರಿನ ಸಹೋದ್ಯೋಗಿ ಎರಡು ಸಲ ಮೂಸಿ, “ಒಣಮೀನು ಸುಟ್ಟ ಹಾಗೆ ಉಂಟು ಮಾರಾಯ, ಚೆನ್ನಾಗಿ ಉಂಟು” ಅಂತ ಇನ್ನಷ್ಟು ಹಾಕಿಸಿಕೊಂಡಳು. ನನಗೆ ಬಂದದ್ದು ಬಚ್ಚಲೊಲೆ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಹಂಡೆ ಒಲೆಗೆ ಅಡಕೆ ಸಿಪ್ಪೆ ತುರುಕುತ್ತೇವಲ್ಲ, ಅದು ಒದ್ದೆಯಾಗಿ ಉರಿಯದೆ ಬರೀ ಹೊಗೆ ಕಕ್ಕತ್ತಲ್ಲ, ಥೇಟ್ ಅದು. ಜೊತೆಗೆ ಬಚ್ಚಲ ಕಲ್ಲಿನ ಮೇಲಿನ ಕೆಂಪು ಸೋಪು. ಒಂದೇ ಗುಟುಕಿನಲ್ಲಿ ಎರಡೂ. ಐದು ಜನಕ್ಕೆ ಐದು ವಾಸನೆ, ಬಾಟಲಿ ಒಂದೇ.

ಹೊಗೆ ಅಂದಕೂಡಲೇ ನಾನು ಭಾವುಕನಾಗುತ್ತೇನೆ ಅಂತಲ್ಲ. ಇಂಜಿನಿಯರಿಂಗ್ ಸೇರಿದ ಮೊದಲ ವಾರ ಹಾಸ್ಟೆಲಿನಲ್ಲಿ ನನ್ನ ಟ್ರಂಕು ತೆಗೆದಾಗ ರೂಮಿನವನೊಬ್ಬ “ಏನೋ ಸುಟ್ಟ ವಾಸನೆ” ಅಂತ ಎದ್ದು ಕಿಟಕಿ ತೆರೆದಿದ್ದ. ಬಟ್ಟೆಗಳು ಮನೆಯಲ್ಲಿ ಒಲೆ ಮೇಲಿನ ಗಳುವಿನಲ್ಲಿ ಒಣಗಿದವು. ಆಮೇಲೆ ರಜಕ್ಕೆ ಹೋದಾಗಲೆಲ್ಲ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುತ್ತಿದ್ದೆ. ಅದೇ ವಾಸನೆಯನ್ನು ಹದಿನೈದು ವರ್ಷದ ನಂತರ ಇಂದಿರಾನಗರದ ಬಾರಿನಲ್ಲಿ ಸಾವಿರದ ಲೆಕ್ಕದಲ್ಲಿ ಪೆಗ್ ಕೊಟ್ಟು ಕುಡಿಯುತ್ತಾರೆ ಅಂತ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗ್ಯಾಸ್ ಬರುವ ಮೊದಲು ಆ ಹೊಗೆಯನ್ನು ದಿನಕ್ಕೆ ನಾಲ್ಕು ಗಂಟೆ ಪುಕ್ಕಟೆಯಾಗಿ ಕುಡಿದವಳು ನನ್ನ ಅಮ್ಮ. ಅವಳ ಕೆಮ್ಮಿಗೆ ಯಾರೂ ಟೇಸ್ಟಿಂಗ್ ನೋಟ್ಸ್ ಬರೆಯಲಿಲ್ಲ.

ಐಲದವರ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1831ರಲ್ಲಿ ಆ ದ್ವೀಪದಲ್ಲಿ ಸುಮಾರು 15,000 ಜನ ಇದ್ದರು. ಜಮೀನ್ದಾರರ ಒಕ್ಕಲೆಬ್ಬಿಸುವಿಕೆ, ಆಲೂಗಡ್ಡೆ ಬೆಳೆಯ ರೋಗ, ಬಡತನ ಎಲ್ಲ ಸೇರಿ ಜನ ಕೆನಡಾದ ಹಡಗು ಹತ್ತಿದರು. 2011ರ ಜನಗಣತಿಯಲ್ಲಿ ಉಳಿದವರು 3,228. ಪೀಟ್ ಒಲೆ ಇದ್ದ ಮನೆಗಳು ಹೋದವು, ಪೀಟ್ ಹೊಗೆಯ ವಿಸ್ಕಿ ಉಳಿಯಿತು. ಬಾಟಲಿಯ ಲೇಬಲ್ ಮೇಲೆ ಈ ಲೆಕ್ಕ ಇರುವುದಿಲ್ಲ.

ಹೊಗೆ ಬೇಕೋ ಬೇಡವೋ ಅನ್ನುವ ಜಗಳವೂ ಹೊಸದಲ್ಲ. 1830ರ ಸುಮಾರಿಗೆ ಈನಿಯಸ್ ಕಾಫಿ ಎಂಬಾತ ಒಂದು ಹೊಸ ಭಟ್ಟಿಗೆ ಪೇಟೆಂಟ್ ತೆಗೆದ. ಕಾಫಿ ಅನ್ನುವುದು ಅವನ ಹೆಸರು, ಪಾನೀಯ ಅಲ್ಲ. ಕಂಬದ ಥರ ನಿಂತ ಆ ಯಂತ್ರ ಬಿಡುವಿಲ್ಲದೆ, ಅಗ್ಗದ ಧಾನ್ಯದಿಂದ, ವಾಸನೆಯೇ ಇಲ್ಲದ ಸ್ಪಿರಿಟ್ ಇಳಿಸುತ್ತಿತ್ತು. 1860ರ ಕಾನೂನು ಮಾಲ್ಟ್ ವಿಸ್ಕಿಯನ್ನೂ ಈ ಧಾನ್ಯದ ಸ್ಪಿರಿಟನ್ನೂ ತೆರಿಗೆ ಕಟ್ಟುವ ಮೊದಲೇ ಬೆರೆಸಲು ಅನುಮತಿ ಕೊಟ್ಟಿತು. ಅಲ್ಲಿಂದ ಬ್ಲೆಂಡೆಡ್ ವಿಸ್ಕಿಯ ಯುಗ. ಲಂಡನ್ನಿನ ಜಂಟಲ್‌ಮನ್‌ಗೆ ಬೇಕಾದದ್ದು ಸೋಡಾ ಜೊತೆ ಸಲೀಸಾಗಿ ಇಳಿಯುವ ವಿಸ್ಕಿ. ದ್ವೀಪದ ಹೊಗೆ ಅವನಿಗೆ ಬೇಡ. ಬ್ಲೆಂಡ್ ಮಾಡುವವರು ಐಲದ ಮಾಲ್ಟನ್ನು ನಾವು ಇಂಗು ಬಳಸುವ ಹಾಗೆ ಬಳಸಿದರು. ಡಬ್ಬಿ ಮುಚ್ಚಳ ತೆಗೆದು ಮೂಸಿದರೆ ಓಡಬೇಕು, ಒಗ್ಗರಣೆಗೆ ಚಿಟಿಕೆ ಬಿದ್ದರೆ ಸಾರಿಗೆ ಜೀವ. ಹೊಗೆ ವಿಸ್ಕಿ ಅಂದರೆ ಆಗದು ಅನ್ನುವ ಎಷ್ಟೋ ಜನ ಬ್ಲ್ಯಾಕ್ ಲೇಬಲ್ ಭಕ್ತರು. ಅದರ ಹಿಂದಿರುವ ತೆಳು ಹೊಗೆ ಐಲದ ಕಲೀಲಾ ಡಿಸ್ಟಿಲರಿಯದ್ದು. ಇಂಗು ತಿನ್ನಲ್ಲ ಅಂದುಕೊಂಡೇ ದಿನಾ ಸಾರು ಉಂಡ ಹಾಗೆ.

ಹಳೆಯ ಮಾಲ್ಟ್‌ನವರು ಸುಮ್ಮನೆ ಬಿಡಲಿಲ್ಲ. ಧಾನ್ಯದ ಸ್ಪಿರಿಟ್ ವಿಸ್ಕಿಯೇ ಅಲ್ಲ ಎಂದು ವಾದಿಸಿದರು. 1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಪುರಸಭೆ, ವಿಸ್ಕಿ ಅಂತ ಬೇರೇನೋ ಮಾರಿದರು ಎಂದು ಇಬ್ಬರು ಅಂಗಡಿಯವರ ಮೇಲೆ ಕೇಸು ಹಾಕಿತು. ಮ್ಯಾಜಿಸ್ಟ್ರೇಟರು ಅಂಗಡಿಯವರ ವಿರುದ್ಧ ತೀರ್ಪು ಕೊಟ್ಟರು. ಅಪೀಲು ಇತ್ಯರ್ಥವಾಗದೆ ನಿಂತಾಗ ಸರ್ಕಾರ ರಾಯಲ್ ಕಮಿಷನ್ ಒಂದನ್ನು ಕೂರಿಸಿತು. 1909ರಲ್ಲಿ ಅದು ಕೊಟ್ಟ ವರದಿಯ ಪ್ರಕಾರ ಎರಡೂ ವಿಸ್ಕಿಯೇ. ಮಾರುಕಟ್ಟೆ ಗೆದ್ದಿತು ಅನ್ನಿ. (ಇವತ್ತು ಯುರೋಪಿನವರು ಕಾಕಂಬಿಯಿಂದ ಮಾಡಿದ ನಮ್ಮ ಇಂಡಿಯನ್ ವಿಸ್ಕಿಯನ್ನು ವಿಸ್ಕಿ ಎಂದು ಕರೆಯಲು ಬಿಡುವುದಿಲ್ಲ. ಆ ವಿಷಯದಲ್ಲಿ ಅವರು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ನೂರು ವರ್ಷದ ಹಿಂದೆ ಅವರೊಳಗೇ ಈ ಜಗಳ ಇತ್ತು ಅನ್ನುವುದು ನೆನಪಿರಲಿ.)

ಇದೇ ಹೊತ್ತಿಗೆ ಐಲದಲ್ಲಿ ಇನ್ನೊಂದು ನಾಟಕ ನಡೆದಿತ್ತು. ಸಾಫ್ಟ್‌ವೇರಿನವರಿಗೆ ಇದು ಖಂಡಿತ ಹಿಡಿಸತ್ತೆ. ಲಫ್ರಾಯ್ಗ್ ಪಕ್ಕದ್ದೇ ಲಾಗವೂಲಿನ್ ಡಿಸ್ಟಿಲರಿ. ಅದರ ಯಜಮಾನ ಪೀಟರ್ ಮ್ಯಾಕಿ, ‘ವೈಟ್ ಹಾರ್ಸ್’ ಬ್ಲೆಂಡಿನ ಧಣಿ. ಲಫ್ರಾಯ್ಗ್ ವಿಸ್ಕಿಯನ್ನು ಮಾರುವ ಏಜೆನ್ಸಿಯೂ ಅವನ ಕಂಪನಿಯದ್ದೇ. 1907ರಲ್ಲಿ ಲಫ್ರಾಯ್ಗ್‌ನವರು ಏಜೆನ್ಸಿ ವಾಪಸು ತೆಗೆದುಕೊಂಡರು. ಮ್ಯಾಕಿಗೆ ಸಿಟ್ಟು ನೆತ್ತಿಗೇರಿತು. ಲಫ್ರಾಯ್ಗ್‌ಗೆ ಹರಿಯುವ ನೀರಿಗೆ ಕಲ್ಲು ಹಾಕಿಸಿ ತಡೆದ. ನಮ್ಮೂರಲ್ಲಿ ತೋಟದ ಕಾಲುವೆಗೆ ಅಡ್ಡಗಟ್ಟು ಹಾಕಿ ಕೋರ್ಟು ಹತ್ತುವ ದಾಯಾದಿಗಳ ನೆನಪಾಯಿತು ನನಗೆ. ಇವರೂ ಕೋರ್ಟು ಹತ್ತಿದರು. ನೀರು ಬಿಡಿ ಅಂತ ಆದೇಶ ಬಂತು. ಆಗ ಮ್ಯಾಕಿ, ನಿಮ್ಮ ವಿಸ್ಕಿಯನ್ನು ನಾನೇ ಮಾಡಿ ತೋರಿಸುತ್ತೇನೆ ಎಂದು ಹೊರಟ. 1908ರಲ್ಲಿ ಲಾಗವೂಲಿನ್ ಅಂಗಳದೊಳಗೇ ‘ಮಾಲ್ಟ್ ಮಿಲ್’ ಎಂಬ ಸಣ್ಣ ಡಿಸ್ಟಿಲರಿ ಕಟ್ಟಿಸಿದ. ಲಫ್ರಾಯ್ಗ್‌ನ ಭಟ್ಟಿಗಳ ಆಕಾರವನ್ನೇ ನಕಲು ಮಾಡಿಸಿದ, ಅಲ್ಲಿನ ಕೆಲಸಗಾರನನ್ನೇ ಹೆಚ್ಚು ಸಂಬಳಕ್ಕೆ ಎಳೆದುಕೊಂಡ, ಅದೇ ಪೀಟ್ ಹೊಗೆ ಹಾಕಿಸಿದ.

ಲಫ್ರಾಯ್ಗ್ ಬರಲಿಲ್ಲ. ಒಳ್ಳೆಯ ವಿಸ್ಕಿಯೇ ಬಂತು, ಆದರೆ ಬೇರೆಯದೇ ಬಂತು. ಸೋರ್ಸ್ ಕೋಡ್ ಸಿಕ್ಕಿದೆ, ಡೆವಲಪರನ್ನೂ ಹೊಡೆದುಕೊಂಡು ಬಂದಾಗಿದೆ, ಸರ್ವರ್ ಕಾನ್ಫಿಗರೇಶನ್ ಕೂಡ ಅದೇ, ಆದರೂ ಔಟ್‌ಪುಟ್ ಬೇರೆ. ಮಾಲ್ಟ್ ಮಿಲ್ 1962ರವರೆಗೆ ನಡೆದು ಮುಚ್ಚಿತು. ಇವತ್ತಿಗೂ ಈ ಒಗಟು ಪೂರ್ತಿ ಬಿಡಿಸಿಲ್ಲ. ಹೊಗೆಯನ್ನು ಅಳೆಯುವುದಕ್ಕೆ ಪಿಪಿಎಂ ಲೆಕ್ಕ ಇದೆ. ಹತ್ತು ಲಕ್ಷ ಭಾಗ ಮಾಲ್ಟಿನಲ್ಲಿ ಎಷ್ಟು ಭಾಗ ಫೀನಾಲ್ ಅಂತ. ಲಾಗವೂಲಿನ್‌ದು 35ರ ಸುಮಾರು, ಲಫ್ರಾಯ್ಗ್‌ದು 40ರ ಆಸುಪಾಸು, ಆರ್ಡ್‌ಬೆಗ್‌ದು 55. ಕಲೀಲಾ ಮತ್ತು ಲಾಗವೂಲಿನ್ ಎರಡಕ್ಕೂ ಮಾಲ್ಟ್ ಬರುವುದು ಐಲದ ಪೋರ್ಟ್ ಎಲನ್ ಕಾರ್ಖಾನೆಯಿಂದ, ಹೊಗೆಯ ಮಟ್ಟವೂ ಹೆಚ್ಚುಕಡಿಮೆ ಒಂದೇ. ಆದರೆ ಒಂದು ತೆಳ್ಳಗೆ ನಿಂಬೆಹಣ್ಣಿನ ಹಾಗೆ, ಇನ್ನೊಂದು ದಪ್ಪಗೆ ಜೋನಿಬೆಲ್ಲದ ಹಾಗೆ. ಭಟ್ಟಿಯ ಕುತ್ತಿಗೆ ಎಷ್ಟು ಉದ್ದ, ಇಳಿಯುವ ದ್ರವವನ್ನು ಯಾವ ಗಳಿಗೆಯಲ್ಲಿ ಹಿಡಿಯುವುದು, ಯಾವಾಗ ನಿಲ್ಲಿಸುವುದು ಎಲ್ಲ ಲೆಕ್ಕಕ್ಕೆ ಬರತ್ತೆ. ಹೊಗೆಯ ಭಾರದ ವಾಸನೆಗಳು ಕೊನೆಯಲ್ಲಿ ಇಳಿಯುವಂಥವು. ಬೇಗ ನಿಲ್ಲಿಸಿದರೆ ಕಡಿಮೆ, ತಡಮಾಡಿದರೆ ಜಾಸ್ತಿ. ಬ್ರುಕ್‌ಲಾಡಿಯವರು 2017ರಲ್ಲಿ ಆಕ್ಟಮೋರ್ ಎಂಬ ಹೆಸರಿನಲ್ಲಿ 309 ಪಿಪಿಎಂ ಮಾಲ್ಟಿನ ವಿಸ್ಕಿ ತಂದರು. ಆದರೆ ಆ ನಂಬರು ಮಾಲ್ಟಿನದ್ದು, ಬಾಟಲಿಯದ್ದಲ್ಲ. ಫೋನಿನ ಮೆಗಾಪಿಕ್ಸೆಲ್ ನೋಡಿ ಫೋಟೋ ಚೆನ್ನಾಗಿರತ್ತೆ ಅಂದುಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ ನಂಬರು.

ಲಫ್ರಾಯ್ಗ್ ಆಮೇಲೆ ಬಂದದ್ದು ಇಯನ್ ಹಂಟರ್ ಕೈಗೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಆದರೆ ಡಾಕ್ಟರ ಚೀಟಿ ಇದ್ದರೆ ಔಷಧಿಯಾಗಿ ವಿಸ್ಕಿ ಸಿಗುತ್ತಿತ್ತು. ಹಂಟರ್ ತನ್ನ ಬಾಟಲಿಯನ್ನು ಕಸ್ಟಮ್ಸ್‌ನವರ ಮೂಗಿಗೆ ಹಿಡಿದು, ಇದನ್ನು ಯಾರಾದರೂ ಖುಷಿಗೆ ಕುಡಿಯುತ್ತಾರಾ ಸ್ವಾಮಿ, ಔಷಧಿ ಇದು ಎಂದು ನಂಬಿಸಿದ ಅನ್ನುವ ಕತೆ ಇದೆ. ಕತೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಆದರೆ ಲಿಸ್ಟರ್ ಮಹಾಶಯನ ಕಾರ್ಬಾಲಿಕ್ ಆಸಿಡ್ ಇಲ್ಲದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

1934ರ ಬೇಸಿಗೆಯಲ್ಲಿ ಬೆಸ್ಸಿ ವಿಲಿಯಮ್ಸನ್ ಎಂಬ ಹುಡುಗಿ ಟೈಪಿಸ್ಟ್ ಕೆಲಸಕ್ಕೆ ಐಲಕ್ಕೆ ಬಂದಳು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪದವೀಧರೆ. ಮೂರು ತಿಂಗಳ ತಾತ್ಕಾಲಿಕ ಕೆಲಸ, ಈಗಿನ ಭಾಷೆಯಲ್ಲಿ ಸಮ್ಮರ್ ಇಂಟರ್ನ್. ವಾಪಸು ಹೋಗಲೇ ಇಲ್ಲ. ಹಂಟರ್‌ಗೆ ಮಕ್ಕಳಿರಲಿಲ್ಲ, ತನ್ನ ವಿಸ್ಕಿ ಮಾಡುವ ಗುಟ್ಟು ಹೊರಗೆ ಹೋಗತ್ತೆ ಎಂಬ ಸಂಶಯ ಬೇರೆ. 1938ರಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ನಿಧಾನಕ್ಕೆ ಎಲ್ಲ ಕೆಲಸ ಬೆಸ್ಸಿಯ ಹೆಗಲಿಗೆ ಬಂತು. 1954ರಲ್ಲಿ ಹಂಟರ್ ತೀರಿಕೊಂಡಾಗ ಉಯಿಲಿನಲ್ಲಿ ಡಿಸ್ಟಿಲರಿಯನ್ನು ಆಕೆಗೇ ಬಿಟ್ಟಿದ್ದ. ಇಪ್ಪತ್ತನೇ ಶತಮಾನದಲ್ಲಿ ಹೆಂಗಸೊಬ್ಬಳು ಸ್ಕಾಚ್ ಡಿಸ್ಟಿಲರಿಯ ಒಡತಿಯಾಗಿ ನಿಂತು ನಡೆಸಿದ್ದು ಅಲ್ಲಿ. ಬಂಡವಾಳ ಬೇಕಾದಾಗ 1960ರ ದಶಕದಲ್ಲಿ ಪಾಲನ್ನು ಹಂತಹಂತವಾಗಿ ದೊಡ್ಡ ಕಂಪನಿಗೆ ಮಾರಿದಳು, ಆದರೆ 1972ರವರೆಗೆ ಕೆಲಸ ಬಿಡಲಿಲ್ಲ. ಬ್ಲೆಂಡಿಗೆ ಇಂಗಾಗಿ ಹೋಗುತ್ತಿದ್ದ ಮಾಲ್ಟನ್ನು ಅದರ ಹೆಸರಿನಲ್ಲೇ ಜನ ಕೇಳಿ ಕುಡಿಯುವ ಕಾಲ ಬರತ್ತೆ ಎಂದು ನಂಬಿದ ಕೆಲವೇ ಜನರಲ್ಲಿ ಆಕೆ ಒಬ್ಬಳು. ಈ ವಿಸ್ಕಿ ಕುಡಿಯುವ ಗಂಡಸರು ಮೀಸೆ ತಿರುವಿ ಇದು ಗಂಡಸರ ಡ್ರಿಂಕು ಅಂದಾಗಲೆಲ್ಲ ನನಗೆ ಬೆಸ್ಸಿಯ ನೆನಪಾಗಿ ನಗು ಬರತ್ತೆ.

ಆ ಕಾಲ ಬರುವ ಮೊದಲು ಕೆಟ್ಟ ಕಾಲ ಬಂತು. 1980ರ ಹೊತ್ತಿಗೆ ಸ್ಕಾಟ್ಲೆಂಡಿನ ಗೋದಾಮುಗಳಲ್ಲಿ ಮಾರಾಟವಾಗದ ವಿಸ್ಕಿ ತುಂಬಿ ತುಳುಕಿತು. ಕಂಪನಿಗಳು ಸಾಲಾಗಿ ಡಿಸ್ಟಿಲರಿ ಮುಚ್ಚಿದವು. ಮೊದಲ ಪೆಟ್ಟು ಬೀಳುವುದು ಯಾರಿಗೆ? ಜಾಸ್ತಿ ಜನಕ್ಕೆ ಬೇಡವಾದವರಿಗೆ. ಆರ್ಡ್‌ಬೆಗ್ 1981ರಲ್ಲಿ ನಿಂತಿತು, ಪೋರ್ಟ್ ಎಲನ್ ಡಿಸ್ಟಿಲರಿ 1983ರಲ್ಲಿ. ಚಿಟಿಕೆ ಇಂಗಿಗೆ ಎಷ್ಟು ಕಾರ್ಖಾನೆ ಬೇಕು ಸ್ವಾಮಿ ಅನ್ನುವ ಲೆಕ್ಕಾಚಾರ. ಲೇಆಫ್ ಲಿಸ್ಟ್ ನೋಡಿದವರಿಗೆ ಈ ಲೆಕ್ಕಾಚಾರದ ಭಾಷೆ ಗೊತ್ತಿರತ್ತೆ. ಮೂರು ಸಾವಿರ ಚಿಲ್ಲರೆ ಜನರ ದ್ವೀಪದಲ್ಲಿ ಒಂದು ಡಿಸ್ಟಿಲರಿ ಮುಚ್ಚುವುದು ಅಂದರೆ ಒಂದು ಊರೇ ಮುಚ್ಚಿದ ಹಾಗೆ.

1988ರಲ್ಲಿ ದೊಡ್ಡ ಕಂಪನಿಯೊಂದು ಆರು ಸಿಂಗಲ್ ಮಾಲ್ಟ್‌ಗಳ ಸಾಲೊಂದನ್ನು ಬಾರುಗಳ ಕಪಾಟಿಗೆ ತಂದಾಗ ಅದರಲ್ಲಿ ಐಲದ ಪರವಾಗಿ ನಿಂತದ್ದು ಹದಿನಾರು ವರ್ಷದ ಲಾಗವೂಲಿನ್. ಇದನ್ನು ಕುಡಿದ ಹತ್ತು ಜನರಲ್ಲಿ ಎಂಟು ಜನ ಬೈದರೂ ಉಳಿದಿಬ್ಬರು ಜೀವಮಾನವಿಡೀ ಬಿಡುವುದಿಲ್ಲ ಅನ್ನುವುದು ವ್ಯಾಪಾರಿಗಳಿಗೆ ಆಗ ನಿಧಾನವಾಗಿ ಹೊಳೆಯಿತು. 1994ರಲ್ಲಿ ಲಫ್ರಾಯ್ಗ್ ತನ್ನ ಗಿರಾಕಿಗಳಿಗೆ ಐಲದ ನೆಲದಲ್ಲಿ ಒಂದೊಂದು ಚದರ ಅಡಿ ಜಾಗ ಕೊಡುವ ಯೋಜನೆ ಮಾಡಿತು. ಅಲ್ಲಿಗೆ ಹೋದರೆ ವರ್ಷದ ಬಾಡಿಗೆ ಅಂತ ಒಂದು ಗುಟುಕು ವಿಸ್ಕಿ ಕೊಡುತ್ತಾರೆ. ಒಕ್ಕಲೆಬ್ಬಿಸಿದ ದ್ವೀಪದಲ್ಲಿ ಈಗ ಜಗತ್ತಿನವರಿಗೆಲ್ಲ ಚದರ ಅಡಿ ಲೆಕ್ಕದಲ್ಲಿ ಭೂಮಿ. 1997ರಲ್ಲಿ ಆರ್ಡ್‌ಬೆಗ್ ಹೊಸ ಮಾಲೀಕರ ಕೈಯಲ್ಲಿ ಮತ್ತೆ ಎದ್ದಿತು. ಬ್ರುಕ್‌ಲಾಡಿ 2001ರಲ್ಲಿ. ಪೋರ್ಟ್ ಎಲನ್‌ನ ಹಳೆಯ ಬಾಟಲಿಗಳು ಸಾವಿರಾರು ಪೌಂಡಿಗೆ ಹರಾಜಾಗಿ, ಕೊನೆಗೆ 2024ರಲ್ಲಿ ಡಿಸ್ಟಿಲರಿಯನ್ನೇ ಹೊಸದಾಗಿ ಕಟ್ಟಿ ತೆರೆದರು.

ಬೆಂಗಳೂರಿಗೆ ಈ ಹೊಗೆ ಬಂದದ್ದು ಹಡಗಿನಲ್ಲಿ, ಕಾಳಿನ ರೂಪದಲ್ಲಿ. ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಹುಲಿಯ ಗವಿಗೇ ಹೋಗಿ ನಿಂತ ಹಾಗೆ. ಆಮೇಲೆ ಬಂದ ‘ಫ್ಯೂಷನ್’ನಲ್ಲಿ ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತಂದ ಪೀಟ್ ಹೊಗೆಯ ಬಾರ್ಲಿ. ಜಿಮ್ ಮರ್ರಿ ಎಂಬ ವಿಮರ್ಶಕ 2010ರ ತನ್ನ ಪುಸ್ತಕದಲ್ಲಿ ಇದಕ್ಕೆ ಜಗತ್ತಿನ ಮೂರನೇ ಸ್ಥಾನ ಕೊಟ್ಟಾಗ ಬೆಂಗಳೂರಿನವರಿಗೂ ನಮ್ಮೂರಲ್ಲಿ ಹೀಗೊಂದು ಇದೆ ಅಂತ ಗೊತ್ತಾಯಿತು. ನಮ್ಮ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಹತ್ತು ಪರ್ಸೆಂಟಿಗೂ ಹೆಚ್ಚು ಆವಿಯಾಗಿ ಹೋಗತ್ತೆ, ಸ್ಕಾಟ್ಲೆಂಡಿನಲ್ಲಿ ಎರಡು ಪರ್ಸೆಂಟು. ಹಾಗಾಗಿ ಇಲ್ಲಿ ಹತ್ತು ವರ್ಷ ಕಾಯುವಂತಿಲ್ಲ, ನಾಲ್ಕೈದು ವರ್ಷಕ್ಕೇ ಹದ. ಹೊಗೆ ಒಪ್ಪದ ನನ್ನ ಗೆಳೆಯರೂ ಫ್ಯೂಷನ್ ಒಪ್ಪುತ್ತಾರೆ. ಚಿಟಿಕೆ ಇಂಗಿನ ನ್ಯಾಯವೇ ಇರಬೇಕು.

ನನಗಿರುವುದು ಬೇರೆ ತಕರಾರು. ನಮ್ಮ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯೇ ಯಾಕೆ? ಅಲ್ಲಿ ಪೀಟ್ ಬಳಸಿದ್ದು ಅದು ಕೈಗೆ ಸಿಗುತ್ತಿತ್ತು ಅಂತ. ಸ್ವೀಡನ್ನಿನ ಮ್ಯಾಕ್‌ಮಿರಾದವರು ತಮ್ಮ ಕಾಡಿನ ಜುನಿಪರ್ ಕಡ್ಡಿಗಳ ಹೊಗೆಯನ್ನೂ ಸೇರಿಸಿ ವಿಸ್ಕಿ ಮಾಡಿದ್ದಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ಅಲ್ಲಿನದೇ ಕುರುಚಲು ಓಕ್ ಸೌದೆಯ ಹೊಗೆ ಹಾಕುತ್ತಾರೆ. ನಮ್ಮಲ್ಲಿ ತೆಂಗಿನ ಚಿಪ್ಪಿದೆ, ಹಲಸಿನ ಸೌದೆ ಇದೆ, ಗೇರು ಮರ ಇದೆ. ಅಡಕೆ ಸಿಪ್ಪೆಯಂತೂ ಸುಗ್ಗಿಯಲ್ಲಿ ತೀರ್ಥಹಳ್ಳಿಯ ರಸ್ತೆ ಬದಿಯಲ್ಲಿ ಕೇಳುವವರಿಲ್ಲದೆ ರಾಶಿ ಬಿದ್ದಿರತ್ತೆ. ಯಾರಾದರೂ ಒಂದು ಬ್ಯಾಚ್ ಮಾಡಿ ನೋಡಲಿ. ಜಯನಗರದವನು ಅದನ್ನು ಮೂಸಿ ಏನಂತಾನೆ ಅಂತ ನನಗೆ ಕುತೂಹಲ ಇದೆ. ಅಮ್ಮನಿಗೆ ಮಾತ್ರ ಹೇಳುವ ಧೈರ್ಯ ಇಲ್ಲ, “ಹೊಗೆ ಕುಡಿಯಕ್ಕೆ ಬೆಂಗಳೂರಿಗೆ ಹೋಗ್ಬೇಕಿತ್ತನಾ” ಅಂತ ಕೇಳಿಬಿಡುತ್ತಾಳೆ.